ಸೈನಿಕರಿಗೆ ಕಣ್ಣು ಬರೆಯುವಾಕೆ

ಜುರಾಂಗ್ ವೆಸ್ಟಿನ ಒಂಬತ್ತನೆಯ ಮಹಡಿಯ ಅಡುಗೆಮನೆಯಲ್ಲಿ ಪದ್ಮಿನಿ ಬೆಳಕಿಗಾಗಿ ಕಾಯುತ್ತಿದ್ದಾರೆ. ಸಿಂಗಪುರದಲ್ಲಿ ವರ್ಷವಿಡೀ ಏಳರ ಹೊತ್ತಿಗೇ ಬೆಳಗಾಗುವುದು. ಟ್ಯೂಬ್‌ಲೈಟಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆಂದು ಅವರು ದೀಪ ಹಾಕುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಹೆಬ್ಬೆರಳಿಗಿಂತ ಎತ್ತರವಿಲ್ಲದ ತವರದ ಗೊಂಬೆಯೊಂದು ನಿಂತಿದೆ. ಕೈಯಲ್ಲಿ ಈಟಿ, ಮೈಮೇಲೆ ಕವಚ, ತಲೆಗೆ ಮುಂಭಾಗ ತೆರೆದ ಶಿರಸ್ತ್ರಾಣ. ಅದರೊಳಗೆ ಇನ್ನೂ ಬಣ್ಣ ಕಾಣದ ಹೆಣ್ಣುಮುಖ.

ಪದ್ಮಿನಿ ಒಣಗಿದರೆ ಕಲ್ಲಾಗುವ ಹಸಿರು ಪುಟ್ಟಿಯನ್ನು ಹಿಟ್ಟಿನಂತೆ ನಾದಿ, ಅಕ್ಕಿಕಾಳಿನಷ್ಟು ಚಿವುಟಿ, ಆ ಮುಖದ ಮೇಲೆ ಒತ್ತುತ್ತಾರೆ. ಸೂಜಿಯಿಂದ ಒಂದು ಸೀಳು ಎಳೆಯುತ್ತಾರೆ. ಈಗ ಅದು ಮುಚ್ಚಿದ ಶಿರಸ್ತ್ರಾಣ. ಒಳಗೆ ಯಾರಿದ್ದಾರೋ ತಿಳಿಯುವುದಿಲ್ಲ.

“ಕಣ್ಣು ಬರೆಯೋ ಹಾಗಿಲ್ಲ ನೋಡಿ ಈಗ,” ಎನ್ನುತ್ತಾರೆ. “ಕೆಲವು ತಿಂಗಳಿಂದ ಎಲ್ಲರಿಗೂ ಹೀಗೇ ಮಾಡ್ತಿದೀನಿ. ಕೆಲಸ ಕೊಡೋ ಅಂಗಡಿಯವರಿಗೆ ಹೇಳಿಲ್ಲ. ಹೇಳಿದ್ರೆ ಹೆಸರಿರೋ ಗೊಂಬೆಗಳನ್ನ ನನ್ನ ಕೈಗೆ ಕೊಡಲ್ಲ.”

ಅವರ ಬಲಗಣ್ಣಿನ ನೋಟದ ನಡುವೆ ಒಂದು ಮಸಿಮಚ್ಚೆ ಕೂತಿದೆ. ಕಿಟಕಿಯ ನೆಟ್ಟನೆಯ ಸರಳು ಅವರಿಗೆ ಬಾಗಿ ಕಾಣುತ್ತದೆ. ಎಡಗಣ್ಣೂ ಅದೇ ದಾರಿ ಹಿಡಿದಿದೆ ಎಂದು ಡಾಕ್ಟರು ಹೇಳಿದ್ದಾರೆ.

ಹೆಸರಿರುವ ಗೊಂಬೆ, ಹೆಸರಿಲ್ಲದ ಗೊಂಬೆ: ಈ ವ್ಯತ್ಯಾಸ ತಿಳಿಯದೆ ಪದ್ಮಿನಿಯವರ ಅಳುಕು ಅರ್ಥವಾಗುವುದಿಲ್ಲ. ಬುಕಿತ್ ಪಂಜಾಂಗಿನ ಶಿವರಾಮ್ ಅದನ್ನು ಬಿಡಿಸಿ ಹೇಳುತ್ತಾರೆ. ವಾರವಿಡೀ ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವ ಇವರು ಭಾನುವಾರ ಪಾರ್ಕಿನಲ್ಲಿ ಗೆಳೆಯರೊಂದಿಗೆ ಮಧ್ಯಯುಗದ ಯೂರೋಪಿನ ಯೋಧರಂತೆ ಉಡುಪು ತೊಟ್ಟು ಮರದ ಕತ್ತಿಯಲ್ಲಿ ಸೆಣಸುತ್ತಾರೆ.

“ಮೊದಲು ಇದ್ದಿದ್ದು ಯುದ್ಧದ ಆಟ. ದೊಡ್ಡ ಟೇಬಲ್, ಎರಡು ಸೈನ್ಯ. ಒಂದು ಗೊಂಬೆ ಅಂದ್ರೆ ಇಪ್ಪತ್ತು ಜನ. ಬಿದ್ರೆ ಎತ್ತಿ ಡಬ್ಬಿಗೆ ಹಾಕೋದು, ಅಷ್ಟೇ. ಆಮೇಲೆ ಅಮೆರಿಕದಲ್ಲಿ ಯಾರೋ ಒಂದು ಗೊಂಬೆಗೆ ಒಬ್ಬನೇ ಮನುಷ್ಯ ಅಂತ ರೂಲ್ ಚೇಂಜ್ ಮಾಡಿದ್ರು. ಅದೇ ಕಾಲಕ್ಕೆ ನಮ್ಮ ಥರದ ಕತ್ತಿ ಹುಚ್ಚರೂ ಅಲ್ಲಿ ಶುರುವಾಗಿದ್ರು. ನಮ್ಮಲ್ಲಿ ಸೇರಿದವರು ಒಂದು ಹೆಸರು, ಒಂದು ಮನೆತನ, ಒಂದು ಲಾಂಛನ ಇಟ್ಕೊಳ್ಳಬೇಕು. ಕವಚ ಎಷ್ಟು ಭಾರ, ಎಷ್ಟು ಹೊತ್ತಿಗೆ ಉಸಿರು ಕಟ್ಟತ್ತೆ, ಮೈಮೇಲೆ ಹಾಕ್ಕೊಂಡವರಿಗೇ ಗೊತ್ತಿರೋದು. ಎರಡೂ ಕಡೆ ಕಾಲಿಟ್ಟವರು ಇದ್ರಲ್ಲ, ಅವರಿಂದ ಇವೆಲ್ಲ ಕೂಡ್ಕೊಂಡು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ಕತೆ ಕಟ್ಟೋ ಆಟ ಆಯ್ತು. ಸೈನಿಕನಿಗೆ ಹೆಸರು ಬಂತು. ಹೆಸರು ಬಂದ ಮೇಲೆ ಸಾಯೋಕೆ ಭಯನೂ ಬಂತು.”

ಆ ಭಯ ಪದ್ಮಿನಿಯವರ ಕಸುಬನ್ನೇ ಬದಲಿಸಿತು. ಮೈಸೂರಿನಿಂದ ಬಂದ ಹೊಸತರಲ್ಲಿ ಅವರು ಜುರಾಂಗಿನ ಕಾರ್ಖಾನೆಯೊಂದರಲ್ಲಿ ಭೂತಗನ್ನಡಿಯ ಕೆಳಗೆ ಬೆಸುಗೆ ಪರೀಕ್ಷಿಸುತ್ತಿದ್ದರು. ಕಾರ್ಖಾನೆ ಬೇರೆ ದೇಶಕ್ಕೆ ಹೋಯಿತು. ಅದೇ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಗಂಡ ದ್ವಾರಕನಾಥ ಈಗ ಕಡಲಾಚೆ ಇಂಡೋನೇಷ್ಯಾದ ಬಾತಾಮಿನಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುತ್ತ ವಾರಕ್ಕೊಮ್ಮೆ ಬರುತ್ತಾರೆ. ಪರಿಚಯದ ಶಿವರಾಮ್ ತಮ್ಮ ಆಟದ ಸೈನ್ಯಕ್ಕೆ ಬಣ್ಣ ಹಚ್ಚಲು ಕೇಳಿದ್ದು ಆ ಖಾಲಿ ದಿನಗಳಲ್ಲೇ. ಎಲ್ಲರಿಗೂ ಒಂದೇ ನೀಲಿ, ಒಂದೇ ಕಂದು. ಕಣ್ಣಿನ ಜಾಗಕ್ಕೆ ಒಂದು ಕಪ್ಪು ನೆರಳು ಸಾಕು; ಇಪ್ಪತ್ತು ಜನರ ಪರವಾಗಿ ನಿಂತವನ ಮುಖವನ್ನು ಯಾರೂ ಬಗ್ಗಿ ನೋಡುವುದಿಲ್ಲ. ಆಮೇಲೆ ಚೋವಾ ಚು ಕಾಂಗಿನ ಆಟದ ಅಂಗಡಿಯಿಂದ ಹೆಸರಿರುವವರು ಬರತೊಡಗಿದರು. ಅವರನ್ನು ಆಡಿಸುವವರು ಎದುರಿಗೆ ಕೂತು ಮನಸ್ಸು ಬಿಚ್ಚುತ್ತಿದ್ದರು: ನನ್ನವನ ತಮ್ಮ ಸತ್ತಿದ್ದಾನೆ, ನನ್ನವಳು ಮನೆ ಬಿಟ್ಟು ಬಂದಿದ್ದಾಳೆ.

“ನಮ್ಮನೇಲಿ ‘ಊಟ ಆಯ್ತಾ’ ಬಿಟ್ರೆ ಬೇರೆ ಮಾತಿಲ್ಲ. ಇವರೆಲ್ಲ ಒಂದು ಗೊಂಬೆ ಹಿಡ್ಕೊಂಡು ಏನೇನೋ ಹೇಳ್ಬಿಡೋರು. ಅದನ್ನೆಲ್ಲ ಕಣ್ಣಲ್ಲಿ ಇಡಬೇಕಿತ್ತು ನಾನು,” ಎನ್ನುತ್ತಾರೆ ಪದ್ಮಿನಿ. ದ್ವಾರಕನಾಥರಿಗೆ ಇದು ಇಂದಿಗೂ ತಮಾಷೆ. “ಸಾಸಿವೆಗೆ ಹುಬ್ಬು ತೀಡ್ತಾಳೆ ಇವಳು,” ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೆಂಡತಿಯ ಕಣ್ಣಿನ ವಿಷಯ ಅವರಿಗೂ ಪೂರ್ತಿ ಗೊತ್ತಿಲ್ಲ.

ಈ ದಿನದ ಗೊಂಬೆ ಮೀರಾ ಎಂಬ ಬ್ಯಾಂಕ್ ಅಧಿಕಾರಿಯದು. ಶನಿವಾರಗಳಲ್ಲಿ ಶಿವರಾಮ್ ನಡೆಸುವ ಆಟದಲ್ಲಿ ಅವರದು ಕೋಟೆಬಾಗಿಲು ಕಾಯುವವಳ ಪಾತ್ರ. ಹೆಸರು ಚಿಕ್ಕತಾಯಮ್ಮ. ಅದು ಮೀರಾರ ಅಜ್ಜಿಯ ಹೆಸರು.

ಮಧ್ಯಾಹ್ನ ಅಂಗಡಿಯಲ್ಲಿ ಮೀರಾ ಡಬ್ಬಿ ತೆರೆಯುತ್ತಾರೆ. ನೋಡುತ್ತಾರೆ. ಮತ್ತೆ ನೋಡುತ್ತಾರೆ.

“ಆಂಟಿ, ಫೇಸ್ ಓಪನ್ ಇರ್ಲಿ ಅಂದಿದ್ದೆ.”

“ಯುದ್ಧದಲ್ಲಿ ಸೇಫ್ಟಿ ಬೇಡ್ವೇನಮ್ಮ? ಬಾಣಗೀಣ ಬಂದ್ರೆ?”

“ನಮ್ಮಜ್ಜಿ ಜೀವಮಾನ ಎಲ್ಲ ಸೆರಗು ಮುಖಕ್ಕೆ ಹೊದ್ಕೊಂಡೇ ಓಡಾಡಿದ್ದು, ಆಂಟಿ. ಇಲ್ಲಾದ್ರೂ ಬೇಡ.”

ಪಕ್ಕದಲ್ಲಿ ದಾಳಗಳನ್ನು ಜೋಡಿಸುತ್ತಿದ್ದ ಶಿವರಾಮ್ ಗೊಂಬೆಯನ್ನು ಎತ್ತಿಕೊಳ್ಳುತ್ತಾರೆ. ಅವರ ದನಿ ಮೆತ್ತಗಿದೆ. “ಪದ್ಮಿನಿ ಆಂಟಿ, ಈ ಸೆಕೆಯಲ್ಲಿ ನಾನು ಇಂಥ ಶಿರಸ್ತ್ರಾಣ ಹಾಕ್ಕೊಂಡು ನಿಂತಿದೀನಿ. ಚೂರು ಬಿಡುವು ಸಿಕ್ರೆ ಸಾಕು, ಎಲ್ಲರೂ ಮೊದಲು ಮುಖದ ಮುಚ್ಚಳ ತೆಗೀತಾರೆ. ನೀವು ಇತ್ತೀಚೆಗೆ ಮಾಡಿರೋರು ಒಬ್ಬರೂ ತೆಗೆದಿಲ್ಲ. ಏನಾಗಿದೆ ಆಂಟಿ?”

ಪದ್ಮಿನಿ ಕೈಚೀಲದ ಹಿಡಿಯನ್ನು ತಿರುಚುತ್ತಾರೆ. ಅಂಗಡಿಯಲ್ಲಿ ಯಾರೋ ದಾಳ ಉರುಳಿಸಿ ನಗುತ್ತಾರೆ.

“ಕಣ್ಣು ಬರೆಯಕ್ಕೆ ಆಗ್ತಿಲ್ಲಪ್ಪ. ನೋಡಿದ ಜಾಗಾನೇ ಮಾಯ ಆಗತ್ತೆ.”

ಚಿಂತೆಯಿಲ್ಲ ಆಂಟಿ, ಹೀಗೇ ಇರಲಿ ಎಂದು ಮೀರಾ ಅನ್ನಬಹುದಿತ್ತು. ಅನ್ನುವುದಿಲ್ಲ. ತಲೆ ತಗ್ಗಿಸಿ, “ಸಾರಿ ಆಂಟಿ. ಬೇರೆ ಯಾರಿಗಾದ್ರೂ ಕೊಡ್ತೀನಿ. ನನಗೆ ಅವಳ ಮುಖ ಬೇಕು,” ಎನ್ನುತ್ತಾರೆ.

“ಕೊಡು ಇಲ್ಲಿ,” ಎಂದು ಪದ್ಮಿನಿ ಶಿವರಾಮರ ಕೈಯಿಂದ ಗೊಂಬೆಯನ್ನು ವಾಪಸು ತೆಗೆದುಕೊಳ್ಳುತ್ತಾರೆ. ಪುಟ್ಟಿ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಕಣ್ಣಿಂದ ನೋಡದೆ, ಉಗುರಿನಿಂದ ತಡವಿ ತಡವಿ, ಸಿಪ್ಪೆ ಸುಲಿದಂತೆ ಅದನ್ನು ಎಬ್ಬಿಸುತ್ತಾರೆ. ಒಳಗಿನ ಮೂಗಿಗೆ ಏನೂ ಆಗಿಲ್ಲವೆಂದು ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಂಡು ಮೀರಾರ ಅಂಗೈಯಲ್ಲಿ ಇಡುತ್ತಾರೆ.

ಅಂಗಡಿಯ ಯಜಮಾನ ಟ್ಯಾನ್ ಒರಟು ಮನುಷ್ಯನೇನಲ್ಲ. ಶಿವರಾಮರಿಂದ ವಿಷಯ ತಿಳಿದು, ಕಪಾಟಿನಿಂದ ದೊಡ್ಡ ಪೆಟ್ಟಿಗೆಯೊಂದನ್ನು ಇಳಿಸಿ ಕೌಂಟರಿನ ಮೇಲಿಡುತ್ತಾರೆ. “ಆಂಟಿ, ಆರ್ಮಿ ವರ್ಕ್ ಸ್ಟಿಲ್ ಗಾಟ್ ಲಾ. ನೋ ನೀಡ್ ಐಸ್.” ಸೈನ್ಯದ ಕೆಲಸ ಇನ್ನೂ ಇದೆ, ಅದಕ್ಕೆ ಕಣ್ಣು ಬರೆಯಬೇಕಿಲ್ಲ ಎಂಬ ಸಮಾಧಾನ. ಪೆಟ್ಟಿಗೆಯಲ್ಲಿ ಈಟಿಗಾರರು, ಎಲ್ಲರೂ ಒಂದೇ ಅಚ್ಚಿನವರು. ಅವರ ಮುಖಗಳನ್ನು ಯಾರೂ ಕೇಳುವುದಿಲ್ಲ. ಪದ್ಮಿನಿ ಹೆದರಿದ್ದು ಇದಕ್ಕೇ.

ಹಿಂತಿರುಗುವ ಬಸ್ಸಿನಲ್ಲಿ ಪೆಟ್ಟಿಗೆ ಅವರ ತೊಡೆಯ ಮೇಲಿದೆ. ಹೊರಗೆ ಹೊಸ ಕಾಂಡೋ ಕಟ್ಟಡಗಳು ಏಳುತ್ತಿವೆ, ಕ್ರೇನುಗಳ ಸಾಲು ಮುಗಿಯುವುದೇ ಇಲ್ಲ. ಬೇಸರವಾಯಿತೇ ಎಂದು ಪಕ್ಕದ ಸೀಟಿನಿಂದ ಕೇಳಿದರೆ ಕಿಟಕಿಯತ್ತ ತಿರುಗಿಯೇ ಹೇಳುತ್ತಾರೆ.

“ಮೀರಾ ಮೇಲೆ ಕೋಪ ಇಲ್ಲ. ನನಗೆ ಕಾಣಲ್ಲ ಅಂತ ಅವಳ ಅಜ್ಜಿ ಮುಖ ಮುಚ್ಚಿದೆನಲ್ಲ, ಅದು ತಪ್ಪು. ರಾತ್ರಿ ದ್ವಾರಕ್ ಬರ್ತಾರೆ. ಅವರಿಗೂ ಹೇಳ್ಬಿಡ್ತೀನಿ.”

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಪೆಟ್ಟಿಗೆಯನ್ನು ಸರಿಯಾಗಿ ಹಿಡಿದುಕೊಳ್ಳುತ್ತಾರೆ.

“ಇನ್ನು ಮೇಲೆ ಚಿಕ್ಕತಾಯಮ್ಮಂಗೆ ಯಾರು ಕಣ್ಣು ಬರೀತಾರೋ ಅವರ ಹತ್ರ ಒಂದು ಸಲ ಮಾತಾಡಬೇಕು. ಎರಡು ಕಣ್ಣನ್ನೂ ಒಟ್ಟಿಗೆ ಬರೀಬಾರದು. ಒಂದು ಬರೆದು ನಿಲ್ಲಿಸಬೇಕು. ಅದು ಎಲ್ಲಿ ನೋಡ್ತಿದೆ ಅಂತ ತಿಳ್ಕೊಬೇಕು. ಆಮೇಲೆ ಇನ್ನೊಂದು. ಇಲ್ದಿದ್ರೆ ಪಾಪ, ಮುಖ ಬಿಚ್ಕೊಂಡು ನಿಂತ್ರೂ ಯಾರನ್ನೂ ನೋಡದವಳ ಹಾಗೆ ನಿಂತಿರ್ತಾಳೆ.”