ಬಾಲಕ್ಕೆ ಕಟ್ಟಿದ ದಾರ

“ಮೊದ್ಲು ಹಾಕಿ ತೋರ್ಸಪ್ಪ, ಆಮೇಲೆ ತಗೋತೀನಿ” ಎಂದೆ. ಹಾಸನದ ಆ ಮೊಬೈಲ್ ಅಂಗಡಿಯವನನ್ನು ನಾನು ನಂಬಿರಲಿಲ್ಲ. ಚನ್ನರಾಯಪಟ್ಟಣದಲ್ಲೂ ಇದೇ ಸಿನಿಮಾವನ್ನು ‘ಒರಿಜಿನಲ್ ಪ್ರಿಂಟ್’ ಎಂದೇ ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿದ್ದರು. ಮನೆಯಲ್ಲಿ ನೋಡಿದರೆ, ಟಿ.ವಿ. ಮುಂದೆ ಮೊಬೈಲ್ ಹಿಡಿದು ತೆಗೆದದ್ದು.

ತೀರಿಕೊಂಡ ನಮ್ಮ ಯಜಮಾನರಿಗೆ ಜಪಾನಿನ ಹಳೆಯ ದೈತ್ಯ ಪ್ರಾಣಿಗಳ ಸಿನಿಮಾ ಎಂದರೆ ಪ್ರಾಣ. ಮಸುಕು ಮಸುಕಾದ ಕ್ಯಾಸೆಟ್ ಹಾಕಿ, “ಆಡ್ಸಕ್ಕೆ ಬಾಲಕ್ಕೆ ದಾರ ಕಟ್ಟವ್ರೆ, ನೋಡೇ” ಎನ್ನುತ್ತಿದ್ದರು. ನನಗೆ ಒಮ್ಮೆಯೂ ಕಂಡಿರಲಿಲ್ಲ. ಬುರುಡೆ ಬಿಡುತ್ತಾರೆ ಎಂದುಕೊಳ್ಳುತ್ತಿದ್ದೆ.

ಅಂಗಡಿಯವನು ಗೊಣಗುತ್ತಲೇ ಹಾಕಿದ. ಮನೆಗಳನ್ನು ತುಳಿಯುತ್ತ ಬಂದ ದೈತ್ಯ ಹಲ್ಲಿ ಬಾಲ ಎತ್ತಿತು. ಬಾಲದ ಮೇಲೆ ತೆಳ್ಳನೆಯ ಗೆರೆಯೊಂದು ಹೊಳೆಯಿತು. ಬಾಲ ಆಡಿದ ಕಡೆಗೇ ಅದೂ ಆಡಿತು.

“ಥೂ, ಸ್ಕ್ರಾಚ್ ಬಿದ್ದೈತೆ ಕಣಕ್ಕ. ಕಂಪ್ಯೂಟ್ರಲ್ಲಿ ಅಳ್ಸಿ ಕೊಡ್ತೀನಿ, ತಡೀರಿ” ಎಂದ.

“ಅಳಿಸ್ಬ್ಯಾಡ ಕಣಪ್ಪ! ಅದು ದಾರ. ನಂಗೆ ಇದೇ ಬೇಕು” ಎಂದೆ. ಅವನು ನನ್ನನ್ನೇ ಅನುಮಾನದಿಂದ ನೋಡಿದ.

ಅಂಗಡಿಯವರ ಮಾತನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಆ ಸಿನಿಮಾ ಹಾಕಿದಾಗಲೆಲ್ಲ ದಾರ ಕಾಣುವ ಕಡೆ ನಿಲ್ಲಿಸಿ, “ಹೂಂ ರೀ, ಕಟ್ಟವ್ರೆ” ಎನ್ನುತ್ತೇನೆ.