ಅಮ್ಮನ ಅಳು ಯಾರದು

ಬೆಳಕು ಹರಿಯುವ ಹೊತ್ತು. ಡಬ್ಬಿಂಗ್ ಕೋಣೆಯಲ್ಲಿ ಒಬ್ಬ ಹೆಂಗಸು ಮೈಕಿನ ಮುಂದೆ ನಿಂತು ಕೆಮ್ಮುತ್ತಿದ್ದಾರೆ. ಪರದೆಯ ಮೇಲಿನ ಮುದುಕ ಬಾಯಿ ತೆರೆದಾಗಲೆಲ್ಲ ಇವರ ಎದೆ ಎದ್ದು ಬೀಳುತ್ತದೆ.

“ಚಿಕ್ಕಮ್ಮ, ಮುದುಕ ಸ್ವಲ್ಪ ಬೇಗ ಸಾಯ್ಲಿ,” ಎನ್ನುತ್ತಾನೆ ಗಾಜಿನಾಚೆಯಿಂದ ಸೌಂಡ್ ಎಂಜಿನಿಯರ್.

“ನಿನ್ನ ಅವಸರಕ್ಕೆ ಸಾಯೋಕಾಗುತ್ತೇನಪ್ಪಾ, ತಾಳು.”

ಸ್ಟುಡಿಯೊದಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮ. “ಹೆಸರಿಗಷ್ಟೇ. ಇವರ ಅಮ್ಮಂದಿರು ಯಾರೂ ನನ್ನನ್ನ ತಂಗಿ ಅನ್ನಲ್ಲ,” ಎಂದು, ಪತ್ರಿಕೆಗೆ ಬರೆಯಲೆಂದು ಮಾತಾಡಿಸಲು ಬಂದ ನನ್ನೆದುರು ನಗುತ್ತಾರೆ. ಮಗನೆಂದು ಬೆಳೆಸಿದ ಮನೆಯವರಿಗೆ ತಾನು ಹೆಣ್ಣು ಎಂದು ಹೇಳಿದ ಮರುದಿನವೇ ಬೀದಿಗೆ ಬಿದ್ದವರು. ಇಪ್ಪತ್ತು ವರ್ಷಗಳಿಂದ ಬೇರೆ ಭಾಷೆಯ ಚಿತ್ರಗಳಿಗೆ ದನಿ ಕೊಡುತ್ತಿದ್ದಾರೆ. ಗುಂಪಿನ ಗದ್ದಲ, ಹೆರಿಗೆನೋವಿನ ನರಳಾಟ, ಸೊಂಟ ಬಳುಕಿಸುವ ಗಂಡಸು ಬಂದಾಗ ಜನ ನಗಲೆಂದು ಹಾಕುವ ಕೀರಲು ದನಿ. “ಆ ಕೀರಲು ನಂದಲ್ಲ, ಅವರಿಗೆ ಬೇಕಾಗಿದ್ದು. ನನ್ನಂಥೋರನ್ನ ನೋಡಿ ನಗೋದನ್ನ ಊರಿಗೆ ನಾನೇ ಕಲಿಸಿದ ಹಾಗಾಯ್ತು.” ಕೆಲಸ ಯಾವಾಗಲೂ ನಸುಕಿನಲ್ಲೇ. ನಾಯಕಿಗೆ ದನಿ ಕೊಡುವವರು ಬರುವ ಮೊದಲು ಜಾಗ ಖಾಲಿ ಮಾಡಬೇಕು.

ಕಳೆದ ವರ್ಷ ಒಮ್ಮೆ ಮಾತ್ರ ಅಮ್ಮನ ಪಾತ್ರ ಸಿಕ್ಕಿತು. ನಿರ್ಮಾಪಕ ಫೋನಿನಲ್ಲಿ ಕೇಳಿ ಮೆಚ್ಚಿದ. ಆಮೇಲೆ ಬಂದು ಮುಖ ನೋಡಿದ. ಮಾತುಗಳನ್ನೆಲ್ಲ ಬೇರೊಬ್ಬಾಕೆಯಿಂದ ಹೇಳಿಸಿದ. ಆದರೆ ಇಲ್ಲಿ ಮಾತು ಒಂದು ಟ್ರ್ಯಾಕಿನಲ್ಲಿ, ಅಳು, ಕೆಮ್ಮು, ನಿಟ್ಟುಸಿರು ಇನ್ನೊಂದರಲ್ಲಿ ಇರುತ್ತವೆ. ಎರಡನೆಯದನ್ನು ಬದಲಿಸಲು ಮರೆತರು. ಹಾಗಾಗಿ ಚಿತ್ರದ ಅಮ್ಮ ಮಾತಾಡುವುದು ಆ ಹೆಂಗಸಿನ ದನಿಯಲ್ಲಿ, ಮಗನ ಹೆಣದ ಮುಂದೆ ಅಳುವುದು ಚಿಕ್ಕಮ್ಮನ ದನಿಯಲ್ಲಿ.

ಇದನ್ನು ಪತ್ತೆಹಚ್ಚಿದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಅವಳು ಓದುತ್ತಿರುವುದು ಗಂಡು-ಹೆಣ್ಣೆಂಬ ಕಟ್ಟುಪಾಡನ್ನೇ ಪ್ರಶ್ನಿಸುವ ಕ್ವಿಯರ್ ಸಿದ್ಧಾಂತ ಮತ್ತು ಸಿನಿಮಾ: ಹೆಣ್ಣಿನ ದನಿ, ಗಂಡಿನ ದನಿ ಎಂದು ಪರದೆಗೆ ತೀರ್ಮಾನಿಸಿಕೊಡುವವರು ಯಾರು ಎಂಬುದು ಅವಳ ಪ್ರಶ್ನೆ. ಆ ಕೀರಲು ಪಾತ್ರಗಳನ್ನು ತಿಂಗಳುಗಟ್ಟಲೆ ಕೇಳಿದ್ದ ಅವಳಿಗೆ ಅಮ್ಮನ ಬಿಕ್ಕಳಿಕೆಯ ನಡುವೆ ಅದೇ ಉಸಿರು ಕೇಳಿಸಿತು. ಈಗ ಪ್ರಬಂಧದಲ್ಲಿ ಬರೆಯಬೇಕೋ ಬೇಡವೋ ಎಂದು ಕೇಳಲು ಸ್ಟುಡಿಯೊದ ಮೆಟ್ಟಿಲ ಮೇಲೆ ಕಾದಿದ್ದಾಳೆ. ಬಿಡುವು ಸಿಕ್ಕಾಗ ಚಿಕ್ಕಮ್ಮ ಹೊರಗೆ ಬರುತ್ತಾರೆ.

“ಬರೆದ್ರೆ ಟಿವಿಗೆ ಹೋಗೋ ಪ್ರತಿಯಿಂದ ನಿಮ್ಮ ಅಳುನೂ ತೆಗೀತಾರೆ, ಚಿಕ್ಕಮ್ಮ. ಕೆಲಸಕ್ಕೂ ಕರೆಯಲ್ಲ.”

“ಬರೀದಿದ್ರೆ?”

“ಅತ್ತಿದ್ದು ನೀವು ಅಂತ ಯಾರಿಗೂ ಗೊತ್ತಾಗಲ್ಲ.”

“ನಿನ್ನ ಸಿದ್ಧಾಂತ ಏನನ್ನುತ್ತೆ?”

“‘ಬರಿ’ ಅನ್ನುತ್ತೆ. ಅದಕ್ಕೇನು, ಅದು ಬಾಡಿಗೆ ಕಟ್ಟಬೇಕಾ?”

ಚಿಕ್ಕಮ್ಮ ಜೋರಾಗಿ ನಗುತ್ತಾರೆ. ಒಳಗಿನಿಂದ ಎಂಜಿನಿಯರ್ ಎರಡು ಸಲ ಕರೆಯುತ್ತಾನೆ.

“ಬರಿ ಕಣೇ,” ಎನ್ನುತ್ತಾರೆ ಕೊನೆಗೆ. ನನ್ನ ಕಡೆ ತಿರುಗಿ, “ನೀವೂ ಬರೀರಿ. ಅಳು ತೆಗೆದ್ರೆ ಆ ಅಮ್ಮ ಬಾಯಿ ತೆರೆದು ದನಿಯೇ ಇಲ್ಲದೆ ಅಳ್ತಾಳೆ. ಹಾಗೆ ಅತ್ತು ನನಗೆ ಅಭ್ಯಾಸ ಇದೆ.”

ಮತ್ತೆ ಅವಕಾಶ ಸಿಕ್ಕರೆ ಎಂಥ ಪಾತ್ರ ಬೇಕು ಎಂದು ಕೇಳುತ್ತೇನೆ.

“ಅಮ್ಮನೇ. ಅಳೋದು ಬೇಡ. ಮಗಳನ್ನ ‘ಬಾರೇ, ಊಟ ಆರ್ತಿದೆ’ ಅಂತ ಕರೆಯೋ ಒಂದು ಮಾತಿದ್ರೆ ಸಾಕು. ನನ್ನನ್ನ ಯಾರೂ ಹಾಗೆ ಕರೀಲಿಲ್ಲ. ಆದ್ರೆ ನಾನು ಕರೆದ್ರೆ, ಎಂಥ ಮುನಿಸಿಕೊಂಡ ಮಗಳೂ ಎದ್ದು ಬರ್ತಾಳೆ.”