ಎರಡು ಸಲ ತಟ್ಟಿದರೆ

ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬ ಡಾಕ್ಟರ ಸುದ್ದಿ ಎತ್ತಬಾರದು ಅನ್ನುವುದು ನಮ್ಮ ಮನೆಯಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ವಿಷಯ. ಎತ್ತಿದರೆ ‘ಹಾಗಾದರೆ ಅಲ್ಲಿಗೇ ಹೋಗಿ’ ಅಂದುಬಿಟ್ಟಾರು ಎಂಬ ಭಯ. ಆ ಭಯವನ್ನು ಕಟ್ಟಿಕೊಂಡೇ ನಾನು ನಮ್ಮೂರು ಬೇಗೂರಿನಿಂದ ಮಗಳನ್ನು ಸೋಮವಾರ ಚಾಮರಾಜನಗರಕ್ಕೂ ಗುರುವಾರ ಗುಂಡ್ಲುಪೇಟೆಗೂ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿಯ ಸುದ್ದಿ ಇಲ್ಲಿ ಎತ್ತುತ್ತಿರಲಿಲ್ಲ, ಇಲ್ಲಿಯದು ಅಲ್ಲಿ ಎತ್ತುತ್ತಿರಲಿಲ್ಲ.

ಮಗಳಿಗೆ ಆಗ ಐದು ವರ್ಷ. ಮಾತು ಬಂದಿರಲಿಲ್ಲ. ಬೇಕಾದ್ದು ಸಿಗದಿದ್ದರೆ ಕಿರುಚಿ ನೆಲಕ್ಕೆ ಬೀಳುತ್ತಿದ್ದಳು. ಚಾಮರಾಜನಗರದಲ್ಲಿ ಸ್ಪೀಚ್ ಥೆರಪಿ ಮೇಡಂ, ಗುಂಡ್ಲುಪೇಟೆಯಲ್ಲಿ ಬಿಹೇವಿಯರ್ ಥೆರಪಿ ಸರ್. ಮಾತಿಗೊಬ್ಬರು, ಹಟಕ್ಕೊಬ್ಬರು ಎಂದು ಮಗುವನ್ನು ಹಂಚಿಬಿಟ್ಟಿದ್ದೆ. ಎಂಥಾ ಜಾಣೆ ನಾನು!

ಮೇಡಂ ಮೊದಲು ಕಲಿಸಿದ್ದು ಮಾತಲ್ಲ, ತಟ್ಟುವುದು. ಏನಾದರೂ ಬೇಕಾದರೆ ಅಮ್ಮನ ತೋಳನ್ನು ಎರಡು ಸಲ ತಟ್ಟಬೇಕು. “ತಟ್ಟಿದ ತಕ್ಷಣ ಕೊಟ್ಟುಬಿಡಿ ಅಮ್ಮಾ. ಸದ್ಯಕ್ಕೆ ಅದೇ ಅವಳ ಮಾತು,” ಅಂದಿದ್ದರು. ಅವಳಾಗಿಯೇ ತಟ್ಟಿ ನೀರು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಆಮೇಲೊಂದು ಗುರುವಾರ, ಸರ್ ಮುಂದೆ ಕೂತಿದ್ದಾಗ, ನನ್ನ ಚೀಲದಲ್ಲಿದ್ದ ನೀರಿನ ಬಾಟಲಿ ನೋಡಿ ಮಗಳು ನನ್ನ ತೋಳು ತಟ್ಟಿದಳು. ಸರ್ ಏನೋ ಹೇಳುತ್ತಿದ್ದರು, ನಾನು ಗಮನ ಕೊಡಲಿಲ್ಲ. ಅವಳು ಪಟಪಟನೆ ಬಾರಿಸತೊಡಗಿದಳು.

“ಮನೇಲೂ ಹೀಗೇ ಹೊಡೀತಾಳಾ?” ಅಂದರು ಸರ್.

ಇದು ಮೇಡಂ ಕಲಿಸಿದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. “ಹೂಂ ಸರ್, ಹೊಡೀತಾಳೆ,” ಅಂದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ!

“ಹಾಗಾದ್ರೆ ಹೊಡೆದಾಗ ಏನೂ ಕೊಡಬೇಡಿ. ಮುಖ ಬೇರೆ ಕಡೆ ತಿರುಗಿಸ್ಕೊಳ್ಳಿ. ಸುಮ್ಮನಾದ ಮೇಲೆ ಕೊಡಿ,” ಅಂದರು.

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಅವಳ ಕೈ ತೋಳಿಗೆ ತಾಗಿದರೆ ಇದು ತಟ್ಟಿದ್ದೋ, ಹೊಡೆದದ್ದೋ? ಮೆಲ್ಲಗೆ ಶುರುಮಾಡಿ ಜೋರಾದರೆ ಯಾರ ಮಾತು ಕೇಳಬೇಕು? ಸೋಮವಾರ ಹತ್ತಿರವಿದ್ದರೆ ಕೊಡುತ್ತಿದ್ದೆ, ಗುರುವಾರ ಹತ್ತಿರವಿದ್ದರೆ ಗೋಡೆ ನೋಡುತ್ತಿದ್ದೆ. ನಗಬೇಡಿ, ನಿಜವಾಗಿಯೂ ಹಾಗೇ ಮಾಡಿದೆ.

ನಮ್ಮ ಅತ್ತೆಗೆ ರೇಗಿಹೋಯಿತು. “ಒಂದಿನ ಕೊಡ್ತೀಯ, ಒಂದಿನ ಮಕ ತಿರುಗುಸ್ಕತೀಯ. ಕೂಸು ಏನಂತ ತಿಳ್ಕಬೇಕು ಕಣಮ್ಮಿ?”

“ನಿಮಗೇನೂ ಗೊತ್ತಾಗಲ್ಲ, ಸುಮ್ನಿರಿ,” ಎಂದು ಹರಿಹಾಯ್ದೆ. ಗೊತ್ತಾಗದೆ ಒದ್ದಾಡುತ್ತಿದ್ದವಳು ನಾನು.

ಬೇಸಿಗೆಯ ಒಂದು ಮಧ್ಯಾಹ್ನ, ಗುಂಡ್ಲುಪೇಟೆಯಿಂದ ವಾಪಸ್ಸು ಬರುವ ಬಸ್ಸು ಈರುಳ್ಳಿ ಲಾರಿಗಳ ಹಿಂದೆ ಸಿಕ್ಕಿಕೊಂಡು ನಿಂತಿತ್ತು. ಮಗಳ ತುಟಿ ಒಣಗಿತ್ತು. ಬಾಟಲಿ ನನ್ನ ಮಡಿಲಲ್ಲೇ ಇತ್ತು, ಅವಳು ಅದನ್ನೇ ನೋಡುತ್ತಿದ್ದಳು. ತಟ್ಟಲಿಲ್ಲ. ಕಿರುಚಲೂ ಇಲ್ಲ. ಆಗ ಹೊಳೆಯಿತು: ಮೂರ್ನಾಲ್ಕು ದಿನದಿಂದ ಅವಳು ಏನನ್ನೂ ಕೇಳಿಯೇ ಇರಲಿಲ್ಲ. ಹಟ ನಿಂತಿತೆಂದು ನಾನು ಖುಷಿಪಟ್ಟುಕೊಂಡಿದ್ದೆ. ಬಾಟಲಿ ಬಾಯಿಗಿಟ್ಟರೆ ಗಟಗಟ ಕುಡಿದಳು.

ಬೇಗೂರಿನಲ್ಲಿ ಇಳಿದವಳೇ ಬಸ್ ಸ್ಟಾಪಿನಲ್ಲಿ ನಿಂತು ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಒದರಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. “ಸರ್ ನಂಬರ್ ಕೊಡಿ,” ಅಂದರು, ಅಷ್ಟೇ. ಸ್ವಲ್ಪ ಹೊತ್ತಿಗೆ ಮೇಡಂ ವಾಪಸ್ಸು ಫೋನು ಮಾಡಿದರು, ಸರ್ ಕೂಡ ಅದೇ ಲೈನಿನಲ್ಲಿದ್ದರು.

“ನನಗೆ ಗೊತ್ತಿದ್ರೆ ಮುಖ ತಿರುಗಿಸಿ ಅಂತ ಹೇಳ್ತಾನೇ ಇರ್ಲಿಲ್ಲ,” ಅಂದರು ಸರ್.

“ಬೇರೆ ಕಡೆಗೂ ಹೋಗ್ತೀರಾ ಅಂತ ನಾನೂ ಕೇಳಬೇಕಿತ್ತು,” ಅಂದರು ಮೇಡಂ. ಆಮೇಲೆ ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿಕೊಂಡರು. ನನ್ನ ತಲೆಗೆ ಅರ್ಧವೂ ಹೋಗಲಿಲ್ಲ.

ಕೊನೆಗೆ ಸರ್ ಕೇಳಿದರು: “ಜೋರಾಗಿ ಹೊಡೆಯೋಕೆ ಮುಂಚೆ ಮೆಲ್ಲಗೆ ತಟ್ಟಿ ಕಾಯ್ತಾಳಾ ಅಮ್ಮಾ? ನಿಮ್ಮ ಮುಖ ನೋಡ್ತಾಳಾ?”

“ನೋಡಿಲ್ಲ ಸರ್,” ಅಂದೆ. ನಾನು ಗೋಡೆ ನೋಡುತ್ತಿದ್ದೆನಲ್ಲ.

ಇಬ್ಬರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಕೈ ಮುಟ್ಟಿಸಿದರೆ ಸಾಕು, ಕೊಟ್ಟುಬಿಡಬೇಕು. ಜೋರಾದರೆ, ಅಥವಾ ಕೇಳದೆ ಕೂತರೆ, ಅವಳ ಕೈ ಹಿಡಿದು ಮೆಲ್ಲಗೆ ಎರಡು ಸಲ ತಟ್ಟಿಸಿ ಕೊಡಬೇಕು.

ಸಂಜೆ ನೀರಿನ ಲೋಟ ಹಿಡಿದು ಅವಳೆದುರು ಕೂತೆ. ಕೈ ಎತ್ತಿದಳು. ತೋಳಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಆಮೇಲೆ, ಥೇಟ್ ನಾನು ಮಾಡುತ್ತಿದ್ದ ಹಾಗೆ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಅವಳ ಕೈ ಹಿಡಿದು ನನ್ನ ತೋಳಿಗೆ ಎರಡು ಸಲ ತಟ್ಟಿಸಿ ಲೋಟ ಕೊಟ್ಟೆ. ಕುಡಿದಳು. ಲೋಟ ಖಾಲಿಯಾದ ಮೇಲೂ ಕೈ ನನ್ನ ತೋಳಿನ ಮೇಲೇ ಇತ್ತು. ತಟ್ಟಲಿಲ್ಲ, ತೆಗೆಯಲೂ ಇಲ್ಲ. ಏನು ಕೇಳುತ್ತಿದ್ದಾಳೋ, ಏನು ಕೊಡಬೇಕೋ ತಿಳಿಯದೆ, ಅವಳ ಮುಖವನ್ನೇ ನೋಡುತ್ತಾ ಅಲ್ಲಾಡದೆ ಕೂತೆ.